ಚೌರಿ ಬಿಚ್ಚಿದ ಎರ್ಮಿನಿಯಾ

ಬೆಟ್ಟದ ಮೇಲಿನ ನಮ್ಮ ಊರು ಎಲ್ ಆಲ್ಟೋದಲ್ಲಿ ಯಾರಿಗಾದರೂ ತಮ್ಮ ಮುಖ ನೋಡಿಕೊಳ್ಳಬೇಕು ಅನ್ನಿಸಿದರೆ ಕನ್ನಡಿ ಸಾಕು. ಬೈಸಿಕೊಂಡು ನೋಡಿಕೊಳ್ಳಬೇಕು ಅನ್ನಿಸಿದರೆ ಎರ್ಮಿನಿಯಾ ಲರೂತಾಳ ಮನೆಗೇ ಹೋಗಬೇಕು.

ಅವಳ ಸ್ಟುಡಿಯೊ ಅಂದರೆ ಮನೆಯ ಮೇಲಂತಸ್ತಿನ ಒಂದು ಕೋಣೆ. ಗಾರೆ ಕಾಣದ ಇಟ್ಟಿಗೆ ಗೋಡೆ, ತಗಡಿನ ಮಾಡು, ಪೂರ್ವಕ್ಕೊಂದು ದೊಡ್ಡ ಕಿಟಕಿ. ರಾತ್ರಿ ಅಲ್ಲಿ ಮಕ್ಕಳು ಮಲಗುತ್ತಾರೆ. ಬೆಳಿಗ್ಗೆ ಮಂಚ ಎತ್ತಿ ಗೋಡೆಗೆ ಒರಗಿಸಿದರೆ ಅದೇ ಸ್ಟುಡಿಯೊ. ಫೋಟೊ ತೆಗೆಸಿಕೊಳ್ಳಲು ಬಂದವರು ಮೆಟ್ಟಿಲು ಹತ್ತಿ ಸುಧಾರಿಸಿಕೊಳ್ಳುವಷ್ಟರಲ್ಲಿ ಅವಳ ಬಾಯಿ ಶುರು.

"ನಗಬೇಡ. ಹಲ್ಲು ಮಾರೋಕೆ ಬಂದಿದೀಯಾ?"

"ಕತ್ತು ಯಾಕೆ ಆ ಥರ ಮುಂದೆ ಹಾಕಿದೀಯ? ಬಸ್ಸು ಬರ್ತಾ ಇದೆಯಾ?"

ಬೈಸಿಕೊಂಡವರು ಮುಖ ಗಂಟಿಕ್ಕುತ್ತಾರೆ, ಆಮೇಲೆ ಮುಖ ಸಡಿಲಾಗುತ್ತದೆ. ಆ ಎರಡರ ನಡುವೆ ಎಲ್ಲೋ ಅವಳು ಗುಂಡಿ ಒತ್ತಿರುತ್ತಾಳೆ. ಮನೆಗೆ ಹೋಗಿ ಚಿತ್ರ ನೋಡಿದವರು, "ಇದು ನಾನೇ, ಆದರೆ ನನಗೆ ಗೊತ್ತಿಲ್ಲದ ನಾನು" ಅಂತ ಗೊಣಗುತ್ತಾ ಮತ್ತೆ ಬರುತ್ತಾರೆ, ಅತ್ತಿಗೆಯನ್ನು ಕರೆದುಕೊಂಡು.

ನಾನು ಫೆಲಿಪಾ ಯುಹ್ರಾ. ಬೆಟ್ಟದ ಕೆಳಗೆ, ಲಾ ಪಾಸ್ ನಗರದ ಕುಳಿಯಲ್ಲಿ, ಮ್ಯಾಕ್ಸ್ ಪರೇದೆಸ್ ಬೀದಿಯಲ್ಲಿ ನನ್ನ ಶಾಲಿನ ಅಂಗಡಿ. ಕುಚ್ಚಿನ ಶಾಲು, ದುಂಡು ಟೋಪಿ, ನಾವು ಉಡುವ ಘೇರದ ಲಂಗ ಪೊಲ್ಯೆರಾಕ್ಕೆ ಬೇಕಾದ ಬಟ್ಟೆ, ಎಲ್ಲ ಕಣ್ಣಿಗೆ ಕಾಣುವಂತೆ ನೇತುಹಾಕಿದ್ದೇನೆ. ಗಲ್ಲಾದ ಕೆಳಗಿನ ಖಾನೆಯಲ್ಲಿ ಚೌರಿ ಇರುತ್ತದೆ. ಅದು ಕೇಳಿದವರಿಗೆ ಮಾತ್ರ. ಪೊಲ್ಯೆರಾ ಉಟ್ಟವಳಿಗೆ ಸೊಂಟ ಮುಟ್ಟುವ ಎರಡು ಜಡೆ ಇರಬೇಕು, ಜಡೆಯ ತುದಿಗೆ ಕಪ್ಪು ಉಣ್ಣೆಯ ಕುಚ್ಚು ಇರಬೇಕು. ದೇವರು ಎಲ್ಲರಿಗೂ ಸೊಂಟದವರೆಗೆ ಕೂದಲು ಕೊಟ್ಟಿಲ್ಲ. ಅಲ್ಲಿ ನನ್ನ ವ್ಯಾಪಾರ ಇದೆ. ಯಾರು ಕೊಂಡರು ಅಂತ ನಾನು ಹೇಳುವುದಿಲ್ಲ. ಒಂದು ಚೌರಿಯ ಗುಟ್ಟು ಬಿಟ್ಟುಕೊಟ್ಟ ವ್ಯಾಪಾರಿ ಎರಡನೆಯದನ್ನು ಮಾರುವುದಿಲ್ಲ.

ಚೌರಿಯ ಬಗ್ಗೆ ನನಗೂ ಎರ್ಮಿನಿಯಾಗೂ ಮೊದಲಿನಿಂದಲೂ ಜಟಾಪಟಿ. ಅವಳ ಕೆಲಸದ ಪದ್ಧತಿ ಹಾಗೆ. ಹೆಂಗಸರು ಯಾರೇ ಬರಲಿ, ಕ್ಯಾಮೆರಾ ಮುಟ್ಟುವ ಮೊದಲು ಅವರನ್ನು ಮುಕ್ಕಾಲಿ ಪೀಠದ ಮೇಲೆ ಕೂರಿಸಿ, ಜಡೆ ಬಿಚ್ಚಿ, ಬಾಚಿ, ತಾನೇ ಮತ್ತೆ ಹೆಣೆಯುತ್ತಾಳೆ. "ಕೈಗೆ ಮುಖ ಗೊತ್ತಾಗಬೇಕು. ಆಮೇಲೆ ಕಣ್ಣಿಗೆ," ಅನ್ನುತ್ತಾಳೆ. ಚೌರಿ ಕೈಗೆ ಬಂದರೆ ಕಿಟಕಿಯ ಮೊಳೆಗೆ ನೇತುಹಾಕುತ್ತಾಳೆ. ಉಳಿದ ಗಿಡ್ಡ ಜಡೆಯನ್ನೇ ಹೆಣೆದು, ಶಾಲಿನ ಒಳಗೆ ಇಳಿಬಿಟ್ಟು ಫೋಟೊ ತೆಗೆಯುತ್ತಾಳೆ. ಹೋಗುವಾಗ ಚೌರಿ ಕೈಗೆ ಕೊಡುತ್ತಾಳೆ, "ಬೀದಿಗೆ ಬೇಕಾಗತ್ತೆ, ತಗೋ" ಅಂತ. ಅವಳ ಮನೆಯ ಮೊಳೆಗೆ ತೂಗಿದ್ದು ಅವಳ ಬಾಯಿಂದ ಹೊರಗೆ ಬಿದ್ದದ್ದಿಲ್ಲ. ಗುಟ್ಟಿನ ವಿಷಯದಲ್ಲಿ ಅವಳೂ ವ್ಯಾಪಾರಿಯೇ.

ಈ ಹಟ ಎಲ್ಲಿಂದ ಬಂತು ಅನ್ನುವುದಕ್ಕೆ ಅವಳ ಸೋದರಮಾವನ ಕೋಟು ನೋಡಬೇಕಿತ್ತು. ಮಾವ ಕೋರ್ಟಿನೆದುರಿನ ಚೌಕದಲ್ಲಿ ಮರದ ಪೆಟ್ಟಿಗೆ ಕ್ಯಾಮೆರಾ ಇಟ್ಟುಕೊಂಡು ಗುರುತಿನ ಚೀಟಿಗೆ ಫೋಟೊ ತೆಗೆಯುತ್ತಿದ್ದ. ಹಳ್ಳಿಯಿಂದ ಬಂದವರಿಗೆ ಬಾಡಿಗೆಗೆ ಒಂದು ಕೋಟು, ಒಂದು ಟೈ, ಹೆಂಗಸರಿಗೆ ಕಾಲರಿನ ಒಂದು ಬಿಳಿ ರವಿಕೆ. ಕೋಟಿನ ಬೆನ್ನು ಸೀಳಿತ್ತು, ಮುಂದಿನಿಂದ ತೊಡಿಸಿ ಹಿಂದೆ ಪಿನ್ನು ಚುಚ್ಚಿದರೆ ದಪ್ಪಗಿದ್ದವನಿಗೂ ಒಂದೇ, ಸಣ್ಣಗಿದ್ದವನಿಗೂ ಒಂದೇ. ಅವನಿಗೆ ನೆರವಾಗುತ್ತಾ ಬಟ್ಟಲಲ್ಲಿ ನೀರು ಹಿಡಿದು ಚಿತ್ರ ತೊಳೆಯುತ್ತಿದ್ದ ಎರ್ಮಿನಿಯಾಳ ಕೈಗೆ ಸಾಲುಸಾಲಾಗಿ ಅದೇ ಕೋಟು ತೇಲಿ ಬರುತ್ತಿತ್ತು, ತಲೆ ಮಾತ್ರ ಬೇರೆ. ಅವಳ ತಾಯಿಯ ಫೋಟೊವನ್ನೂ ಮಾವ ಹಾಗೆಯೇ ತೆಗೆದಿದ್ದ, ಟೋಪಿ ತೆಗೆಸಿ, ಶಾಲು ತೆಗೆಸಿ, ಬಿಳಿ ರವಿಕೆ ಸಿಕ್ಕಿಸಿ. ತಾಯಿ ಸತ್ತಾಗ ಗೋರಿಗೆ ಹಾಕಲು ಇದ್ದದ್ದು ಅದೊಂದೇ. ಇವತ್ತಿಗೂ ಆ ಹೆಂಗಸು ಸ್ಮಶಾನದಲ್ಲಿ ಬೇರೆಯವರ ರವಿಕೆ ತೊಟ್ಟುಕೊಂಡು ಮಳೆ ನೋಡುತ್ತಿದ್ದಾಳೆ.

"ನನ್ನ ಮನೇಲಿ ಯಾರಿಗೂ ಯಾರದ್ದೂ ತೊಡಿಸಲ್ಲ," ಅಂತ ಎರ್ಮಿನಿಯಾ ಆಗಲೇ ಅಂದುಕೊಂಡಳಂತೆ. ಆಗ ಅವಳಿಗೆ ಮನೆಯೂ ಇರಲಿಲ್ಲ, ಕ್ಯಾಮೆರಾವೂ ಇರಲಿಲ್ಲ. ಹಟ ಮಾತ್ರ ಮುಂಗಡ.

ಕ್ಯಾಮೆರಾ ಎಷ್ಟೋ ವರ್ಷದ ಮೇಲೆ ಗುರುವಾರದ ಸಂತೆಯಲ್ಲಿ ಸಿಕ್ಕಿತು, ಯಾರು ಕಳೆದುಕೊಂಡದ್ದೋ, ಯಾರು ಕದ್ದದ್ದೋ. ಅವಳ ಗಂಡ ರುಫೀನೊ ಮಿನಿಬಸ್ ಓಡಿಸುತ್ತಾನೆ. "ಇದರ ಬದಲು ಎರಡು ಟಯರ್ ಬರ್ತಿತ್ತು," ಅಂತ ಅವನು ಇವತ್ತಿಗೂ ಹೇಳುತ್ತಾನೆ, ಹೇಳುತ್ತಲೇ ಮಂಚ ಎತ್ತಿ ಕೊಡುತ್ತಾನೆ. ಮೊದಲ ಕೆಲಸ ನಾನೇ ಕೊಟ್ಟೆ. ಮೊಳೆಗೆ ತಗುಲಿಸಿದ ಶಾಲಿನ ಫೋಟೊ ನೋಡಿ ಯಾರೂ ಕೊಳ್ಳುತ್ತಿರಲಿಲ್ಲ. ಇವಳು ಅದನ್ನೇ ಪಕ್ಕದ ಮನೆಯ ಹೆಂಗಸಿಗೆ ಹೊದಿಸಿ, ಬೈದು, ತೆಗೆದಳು. ಕಾಸೇರಾಗಳು, ಅಂದರೆ ನಮ್ಮ ಖಾಯಂ ಗಿರಾಕಿಗಳು, ಫೋನಿನಲ್ಲಿ ನೋಡಿ, "ಆ ಸಿಟ್ಟಿನ ಹೆಂಗಸು ಹೊದ್ದಿರೋ ಶಾಲು ಕೊಡಿ" ಅಂತ ಬಂದರು.

ಸ್ಟುಡಿಯೊ ಶುರು ಮಾಡಿದ ದಿನ ಪದ್ರಿನೊಗಳು ಬೇಕಲ್ಲ. ನಮ್ಮಲ್ಲಿ ಮಗುವಿಗಷ್ಟೇ ಅಲ್ಲ, ಕೇಕಿಗೂ ಬಸ್ಸಿಗೂ ಪದ್ರಿನೊ ಇರುತ್ತಾರೆ. ಆ ವಸ್ತು ತಂದುಕೊಟ್ಟು ಹರಸುವವರು. ಹಿನ್ನೆಲೆಯ ಪರದೆಗೆ ನಾನು. ದೀಪಕ್ಕೆ ದೊನ್ ವಾಲ್ತೆರ್ ಚುಕಿಮಿಯಾ, ನಮ್ಮ ಶಾಲು-ಲಂಗ ವ್ಯಾಪಾರಿಗಳ ಸಂಘದ ಅಧ್ಯಕ್ಷ. ಹೊಟ್ಟೆ ಮೊದಲು ಒಳಗೆ ಬರುತ್ತದೆ, ಅಧ್ಯಕ್ಷರು ಆಮೇಲೆ. ಛತ್ರಿಯಂಥ ಬಿಳಿ ಬಟ್ಟೆ ಹೊತ್ತ ದೊಡ್ಡ ವಿದೇಶಿ ದೀಪ ತಂದರು. ಹೊಸದೇನು ಬಂದರೂ ಪಾಚಮಾಮಾಗೆ, ಭೂತಾಯಿಗೆ, ಪಾಲು ಕೊಡದೆ ಮುಟ್ಟುವವರಲ್ಲ ನಾವು. ಬಣ್ಣದ ಚೂರು ಎರಚಿದೆವು, ನೆಲಕ್ಕೆ ಒಂದಿಷ್ಟು ಬಿಯರ್ ಸುರಿದೆವು. ದೊನ್ ವಾಲ್ತೆರ್‌ಗೆ ಅಷ್ಟು ಸಾಲಲಿಲ್ಲ. ದೀಪ ಹೊತ್ತಿಸಿ, ಬಾಟಲಿ ಕುಲುಕಿ, ನೇರ ದೀಪಕ್ಕೇ ಚಿಮ್ಮಿಸಿದರು. ಟಪ್ ಅಂದಿತು. ಹೊಗೆ ಬಂತು. ನಾವೆಲ್ಲ ಚಪ್ಪಾಳೆ ತಟ್ಟಿದೆವು, ಅಭ್ಯಾಸಬಲ.

"ಪಾಚಮಾಮಾಗೆ ತುಂಬ ಬಾಯಾರಿತ್ತು ಅಂತ ಕಾಣತ್ತೆ," ಅಂದಳು ಎರ್ಮಿನಿಯಾ.

"ಶುಭ ಶಕುನ ಕೊಮಾದ್ರೆ! ದೀಪ ಪೂರ್ತಿ ಸ್ವೀಕಾರ ಆಯ್ತು!" ಅಂದರು ದೊನ್ ವಾಲ್ತೆರ್. ಇನ್ನೊಂದು ದೀಪದ ಮಾತು ಅವರು ಎತ್ತಲಿಲ್ಲ. ಅಂದಿನಿಂದ ಅವಳು ಕಿಟಕಿಯ ಬೆಳಕಲ್ಲೇ ಕೆಲಸ ಮಾಡುತ್ತಾಳೆ. ದೀಪ ಸತ್ತರೂ, ಪದ್ರಿನೊ ಆದ ಮೇಲೆ ಅವರು ಅವಳಿಗೆ ಕೊಂಪಾದ್ರೆಯಾಗಿ ಉಳಿದರು, ಇವಳು ಅವರಿಗೆ ಕೊಮಾದ್ರೆ. ಆ ನಂಟು ರಕ್ತದ್ದಕ್ಕಿಂತ ಒಂದು ಗಂಟು ಬಿಗಿ. ಕೊಂಪಾದ್ರೆಯ ಮಾತು ತೆಗೆದುಹಾಕಿದವಳ ಮನೆಗೆ ಹಬ್ಬದ ದಿನ ನೊಣವೂ ಬರುವುದಿಲ್ಲ.

ಸಂಘ ವರ್ಷದ ಕೊನೆಗೆ ಒಂದು ಕ್ಯಾಲೆಂಡರ್ ಅಚ್ಚು ಹಾಕಿಸುತ್ತದೆ. ಪೊಲ್ಯೆರಾ ಉಟ್ಟ ಒಬ್ಬ ಹುಡುಗಿಯ ದೊಡ್ಡ ಚಿತ್ರ, ಅದರಡಿಗೆ ತಿಂಗಳುಗಳು. ಎಲ್ಲ ಅಂಗಡಿಗಳಿಂದ ಅದು ಮನೆಮನೆಗೆ ಹೋಗುತ್ತದೆ. ಅಡುಗೆಮನೆಯಲ್ಲಿ, ಗ್ಯಾರೇಜಿನಲ್ಲಿ, ಹಲ್ಲು ಕೀಳುವವನ ಕೋಣೆಯಲ್ಲಿ ವರ್ಷಪೂರ್ತಿ ತೂಗುತ್ತದೆ. ಅದನ್ನು ತೆಗೆಯುತ್ತಿದ್ದದ್ದು ಕೆಳಗೆ ಕುಳಿಯ ಒಂದು ಸ್ಟುಡಿಯೊ. ಪ್ಯಾಂಟು ಹಾಕಿಕೊಂಡು ಬಂದ ಹುಡುಗಿಗೆ ಲಂಗ ಸುತ್ತಿ, ಚೌರಿ ಕಟ್ಟಿ, ಮುಖಕ್ಕೆ ಹಿಟ್ಟಿನ ಬಣ್ಣ ಬರಿಸಿ ಕೊಡುತ್ತಿದ್ದರು. ಎರ್ಮಿನಿಯಾ ಪ್ರತಿ ವರ್ಷ ಅದನ್ನು ನೋಡಿ, "ಈ ಹುಡುಗಿ ಅಳಿಸಿ ಹೋಗಿದಾಳೆ," ಅನ್ನುತ್ತಿದ್ದಳು. ಪ್ರತಿ ವರ್ಷ ಸಂಘಕ್ಕೆ ಹೋಗಿ ತನಗೆ ಕೊಡಿ ಅಂತ ಕೇಳುತ್ತಿದ್ದಳು. ಕೊನೆಗೆ ದೊನ್ ವಾಲ್ತೆರ್ ಕೊಟ್ಟರು. ಅದು ಸರಿಯಾಗಿ ಬಂದರೆ ಇಡೀ ಬೀದಿಯ ಕೆಲಸ ಬೆಟ್ಟ ಹತ್ತಿ ಅವಳ ಮನೆಗೆ ಬರುತ್ತಿತ್ತು. ಕೆಟ್ಟರೆ, ಸಂಘದ ಮಾತು ಮೀರಿ ಅವಳ ಮೆಟ್ಟಿಲು ಹತ್ತುವ ವ್ಯಾಪಾರಿ ಇರಲಿಲ್ಲ. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹುಡುಗಿಯನ್ನು ಆರಿಸಿದ್ದು ದೊನ್ ವಾಲ್ತೆರ್. ದೇಯ್ಸಿ ಲಿಮಾಚಿ, ಬೆಳಗಿನ ರೇಡಿಯೊದಲ್ಲಿ ಐಮಾರಾದಲ್ಲೂ ಸ್ಪ್ಯಾನಿಷಿನಲ್ಲೂ ಮಾತಾಡುವವಳು. ಆಲೂಗಡ್ಡೆಯ ದರ, ರಸ್ತೆ ತಡೆ, ಯಾರ ಕುರಿ ಕಳೆದಿದೆ, ಎಲ್ಲ ಅವಳ ಬಾಯಲ್ಲೇ ಕೇಳಿ ನಾವು ಅಂಗಡಿ ತೆಗೆಯುತ್ತಿದ್ದೆವು. ಅವಳನ್ನು ಹಾಕಿದರೆ ರೇಡಿಯೊದಲ್ಲಿ ಕ್ಯಾಲೆಂಡರಿನ ಸುದ್ದಿ ಪುಕ್ಕಟೆ ಬರುತ್ತದೆ ಅನ್ನುವುದು ಅಧ್ಯಕ್ಷರ ಲೆಕ್ಕ. ಲೆಕ್ಕ ತಪ್ಪೇನಲ್ಲ, ನಾನೂ ಹಾಗೇ ಹಾಕುತ್ತಿದ್ದೆ.

ಆ ಬೆಳಿಗ್ಗೆ ನಾನು ಶಾಲುಗಳ ಗಂಟು ಹೊತ್ತು ಹೋದೆ. ದೊನ್ ವಾಲ್ತೆರ್ ಬಿಸಿ ಆಪಿಯ ಲೋಟ ಹಿಡಿದು, ಆ ನೇರಳೆ ಜೋಳದ ಗಂಜಿಯನ್ನು ಸೊರ್ ಅನ್ನಿಸುತ್ತಾ ಕೂತಿದ್ದರು. ದೇಯ್ಸಿ ಬಂದಳು. ಪೊಲ್ಯೆರಾ ಸರಿಯಾಗಿ ಉಟ್ಟಿದ್ದಳು, ಒಳಲಂಗಗಳ ತೂಕಕ್ಕೆ ತಕ್ಕಂತೆ ನಡೆದಳು. ಬಾಡಿಗೆಗೆ ಉಟ್ಟವರು ಲಂಗವನ್ನು ಹೊತ್ತುಕೊಂಡು ನಡೆಯುತ್ತಾರೆ, ನನ್ನ ಕಣ್ಣಿಗೆ ಅದು ಕೂಡಲೇ ಬೀಳುತ್ತದೆ. ಇವಳ ಲಂಗ ಇವಳನ್ನು ಹೊತ್ತುಕೊಂಡು ಬಂತು. ಜಡೆಗಳೂ ಸೊಂಟದವರೆಗೆ ಇದ್ದವು. ಆ ಜಡೆಗಳನ್ನು ನೋಡಿ ನಾನು ಕಿಟಕಿಯ ಆಚೆಗಿದ್ದ ನೀರಿನ ತೊಟ್ಟಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ನನ್ನ ಅಂಗಡಿಯ ಮಾಲು ನನಗೆ ಗುರುತಾಗುತ್ತದೆ.

"ಕೂತ್ಕೋ," ಅಂದಳು ಎರ್ಮಿನಿಯಾ. "ಟೋಪಿ ಕೊಡು."

"ಜಡೆ ಹಾಕ್ಕೊಂಡೇ ಬಂದಿದೀನಿ ದೋನ್ಯಾ."

"ಎಲ್ಲರೂ ಹಾಕ್ಕೊಂಡೇ ಬರ್ತಾರೆ."

ಎಡಗಡೆಯ ಜಡೆ ಬಿಚ್ಚಲು ಬೆರಳಿಟ್ಟಳು. ಕುತ್ತಿಗೆಯ ಹತ್ತಿರ ಬೆರಳು ನಿಂತಿತು. ಅಲ್ಲಿಂದ ಕೆಳಗಿನದೆಲ್ಲ ಕೈಗೆ ಬಂತು. ಬಲಗಡೆಯದೂ ಬಂತು. ಉಳಿದದ್ದು ಹೆಣೆಯಲು ಒಂದು ಗಂಟೂ ಬಾರದ, ಕಿವಿಯ ಕೆಳಗೆ ನಿಲ್ಲುವ ಕೂದಲು. ಇಷ್ಟು ಗಿಡ್ಡ ತಲೆ ಅವಳ ಪೀಠದ ಮೇಲೆ ಅದುವರೆಗೆ ಕೂತಿರಲಿಲ್ಲ. ಶಾಲಿನೊಳಗೆ ಇಳಿಬಿಡಲು ಏನೂ ಇರಲಿಲ್ಲ.

ದೇಯ್ಸಿ ಎದ್ದು ನಿಂತಳು. "ವೇಷದವಳು ಅಂತ ನೀವೂ ಅಂದುಬಿಡಿ. ಕೇಳಿ ಅಭ್ಯಾಸ ಆಗಿದೆ."

ಪ್ಯಾಂಟು ಬಿಚ್ಚಿ ಫೋಟೊಗೆಂದು ಲಂಗ ಉಡುವವರಿಗೆ ನಮ್ಮಲ್ಲಿ ಹಾಗನ್ನುತ್ತಾರೆ. ಮೀನು ಮಾರುವವಳಿಂದ ಹಿಡಿದು ಎಲ್ಲರ ಬಾಯಲ್ಲೂ ಇರುವ ಬೈಗುಳ ಅದು.

"ನಾನು ಬೈಯೋದಾದ್ರೆ ಹೊಸದಾಗಿ ಬೈತೀನಿ," ಅಂದಳು ಎರ್ಮಿನಿಯಾ. "ಕೂತ್ಕೋ. ಯಾರು ಕತ್ತರಿಸಿದ್ದು?"

"ಅಮ್ಮ. ಸ್ಕೂಲಲ್ಲಿ ಹುಡುಗೀರು ನನ್ನ ಜಡೇನ ಬೆಂಚಿಗೆ ಕಟ್ಟಿದ್ರು. ಮೇಷ್ಟ್ರು ಎದ್ದು ನಿಲ್ಲು ಅಂದ್ರು. ನಿಂತೆ. ಮನೆಗೆ ಹೋದಾಗ ಅಮ್ಮ ಕತ್ತರಿ ತಂದ್ರು, ಲಂಗ ತೆಗೆದು ಪ್ಯಾಂಟು ಹಾಕಿದ್ರು. ಅವರು ಮಾತ್ರ ಪೊಲ್ಯೆರಾದಲ್ಲೇ ಇದಾರೆ, ನಾನು ಆಚೆ. ಈಗ ನನ್ನ ದುಡಿಮೆ ನನ್ನದು, ಮತ್ತೆ ಉಡ್ತಾ ಇದೀನಿ. ಕೂದಲು ಮಾತ್ರ ನನ್ನ ಮಾತು ಕೇಳ್ತಿಲ್ಲ, ಇದರ ಮೇಲೆ ಬೆಳೆಯೋದೇ ಇಲ್ಲ."

ದೊನ್ ವಾಲ್ತೆರ್ ಲೋಟ ಕೆಳಗಿಟ್ಟರು. "ಅದಕ್ಕೇನೀಗ? ಕಟ್ಟಿಬಿಡಿ ಕೊಮಾದ್ರೆ. ದೋನ್ಯಾ ಫೆಲಿಪಾನ ಚೌರಿ ಬಲು ಚೆನ್ನಾಗಿರತ್ತೆ, ಯಾರಿಗೂ ತಿಳಿಯಲ್ಲ."

"ಚೆನ್ನಾಗಿರತ್ತೆ ಅಂತ ನಿಮಗೆ ಹೇಗೆ ಗೊತ್ತು ಕೊಂಪಾದ್ರೆ?" ಅಂತ ಎರ್ಮಿನಿಯಾ ಕೇಳಿದಳು. ಅವರ ಹೆಂಡತಿಯ ತಲೆ ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ನೀರಿನ ತೊಟ್ಟಿಯನ್ನೇ ನೋಡುತ್ತಿದ್ದೆ. ದೊನ್ ವಾಲ್ತೆರ್‌ಗೆ ಅಷ್ಟರಲ್ಲಿ ಫೋನು ಬಂದಂತಾಯಿತು, ಕೆಳಗಿಳಿದರು.

ಎರ್ಮಿನಿಯಾ ಚೌರಿಗಳನ್ನು ಮೊಳೆಗೆ ಹಾಕಲಿಲ್ಲ. ದೇಯ್ಸಿಯ ತೊಡೆಯ ಮೇಲಿಟ್ಟಳು.

"ನೋಡಮ್ಮ. ಕ್ಯಾಲೆಂಡರ್ ಸಂಘದ್ದು, ಶಾಲು ಫೆಲಿಪಾದು. ತಲೆ ನಿನ್ನದು. ಕಟ್ಟು ಅಂದ್ರೆ ಕಟ್ಟಿ ಕೆಳಗಿನ ಸ್ಟುಡಿಯೊಗೆ ಕಳಿಸ್ತೀನಿ, ಅವರು ಚಂದ ತೆಗೀತಾರೆ. ಹೀಗೇ ಅಂದ್ರೆ ನಾನು ತೆಗೀತೀನಿ. ಆಮೇಲೆ ಇಬ್ಬರಿಗೂ ಬೈಗುಳ ಬೀಳತ್ತೆ."

"ಕ್ಯಾಲೆಂಡರಿಂದ ತೆಗೆದುಹಾಕ್ತಾರಾ?"

"ಹಾಕಬಹುದು."

ಆಗ ನಾನು ಬಾಯಿ ಹಾಕಿದೆ. "ಎರ್ಮಿನಿಯಾ, ಇಷ್ಟು ವರ್ಷ ಬೇಡಿ ಬೇಡಿ ತಗೊಂಡ ಕೆಲಸ ಇದು. ಒಂದು ಸಲ ಕಣ್ಣು ಮುಚ್ಚಿದ್ರೆ ನಿನ್ನಪ್ಪನ ಗಂಟೇನು ಹೋಗತ್ತೆ?"

"ಕಣ್ಣು ಮುಚ್ಕೊಂಡು ಫೋಟೊ ತೆಗಿ ಅಂತೀಯಲ್ಲ, ನಿನ್ನ ಬುದ್ಧಿಗಿಷ್ಟು!"

ದೇಯ್ಸಿ ತೊಡೆಯ ಮೇಲಿದ್ದ ಜಡೆಗಳನ್ನು ಎತ್ತಿದಳು. ಒಮ್ಮೆ ಸವರಿದಳು. ನನ್ನ ಕೈಗೆ ಕೊಟ್ಟಳು. "ತಗೊಳ್ಳಿ ದೋನ್ಯಾ. ಚೆನ್ನಾಗಿದೆ. ನನ್ನದಲ್ಲ."

ಮಾಲು ವಾಪಸ್ ತೆಗೆದುಕೊಳ್ಳುವ ಪದ್ಧತಿ ನಮ್ಮ ಅಂಗಡಿಯಲ್ಲಿಲ್ಲ. ಆದರೆ ಆಗ ವಾದ ಮಾಡುವ ಹೊತ್ತಾಗಿರಲಿಲ್ಲ. ಬೆಳಕು ಕಿಟಕಿಯ ಅಂಚಿಗೆ ಬಂದಿತ್ತು. ನಮ್ಮ ಬೆಟ್ಟದ ಬಿಸಿಲು ಬಿದ್ದರೆ ಚಾಕು ಬಿದ್ದಂತೆ, ಅರ್ಧ ಮುಖ ಬಿಳಿ, ಅರ್ಧ ಕಪ್ಪು. ಎರ್ಮಿನಿಯಾ ಕಿಟಕಿಗೆ ಹಳೆಯ ಹಾಸಿಗೆ ಬಟ್ಟೆ ಕಟ್ಟಿದಳು. ಬ್ರೆಡ್ಡು ಸುಡುವ ತಗಡಿನ ತಟ್ಟೆ ನನ್ನ ಕೈಗೆ ಕೊಟ್ಟು, "ಇಲ್ಲಿ ಹಿಡಿ, ಕೆನ್ನೆಗೆ ಬೆಳಕು ಹೋಗಲಿ. ಅಲುಗಾಡಬೇಡ, ತೂಕ ಮಾಡ್ತಾ ಇಲ್ಲ ನೀನು," ಅಂದಳು. ದೇಯ್ಸಿಗೆ ಮಾಗಿದ ಕಿತ್ತಳೆ ಬಣ್ಣದ ಶಾಲು ಹೊದಿಸಿದಳು. ಟೋಪಿ ಹಾಕಿಕೊಳ್ಳಲು ಬಿಡಲಿಲ್ಲ. ಟೋಪಿಯಿದ್ದರೆ ಜನ ಜಡೆ ಹಿಂದೆ ಇದೆ ಅಂದುಕೊಳ್ಳುತ್ತಾರೆ, ಅದೂ ಒಂದು ಬಗೆಯ ಸುಳ್ಳು ಅಂದಳು. ಟೋಪಿಯನ್ನು ಹುಡುಗಿ ಎದೆಗೆ ಹಿಡಿದುಕೊಳ್ಳಬೇಕಾಯಿತು.

ಹುಡುಗಿ ಕೂತಳು, ಮುಖ ಕಲ್ಲಾಗಿತ್ತು. ಎರ್ಮಿನಿಯಾ ಬೈದಳು. ಕಲ್ಲು ಕರಗಲಿಲ್ಲ. ರೇಡಿಯೊದವಳು ತಾನೇ, ಮಾತಾಡು ಅಂದಳು. ಹುಡುಗಿ ಪಾಠ ಒಪ್ಪಿಸುವ ಹಾಗೆ ಆಲೂಗಡ್ಡೆಯ ದರ ಹೇಳಿದಳು.

"ಆ ಬೆಂಚಿಗೆ ಕಟ್ಟಿದವರಲ್ಲಿ ಒಬ್ಬಳ ಹೆಸರು ಹೇಳು."

"ಯಾಕೆ?"

"ಹೇಳು ಅಂದೆ."

"...ಗ್ಲಾದಿಸ್."

"ಗ್ಲಾದಿಸ್ ಇಲ್ಲಿದಾಳೆ," ಅಂತ ಕ್ಯಾಮೆರಾದ ಕಣ್ಣನ್ನು ತೋರಿಸಿದಳು. "ಬೆಳಗಿನ ಸುದ್ದಿ ಅವಳಿಗೆ ಓದು. ರೇಡಿಯೊದಲ್ಲಿ ಓದೋ ಹಾಗೆ."

ದೇಯ್ಸಿ ಉಸಿರು ಎಳೆದುಕೊಂಡಳು. ಗಲ್ಲ ಮೇಲೆದ್ದಿತು. "ಎಲ್ ಆಲ್ಟೋದ ಜನರಿಗೆ ಶುಭೋದಯ," ಅಂತ ಶುರು ಮಾಡಿದಳು, ನಮಗೆಲ್ಲ ಗೊತ್ತಿರುವ ಆ ಗಟ್ಟಿ ಗಂಟಲಲ್ಲಿ. ಮುಂದೆ ಐಮಾರಾದಲ್ಲಿ ಗ್ಲಾದಿಸ್‌ಗೆ ಏನೇನು ಓದಿದಳೋ ಅದನ್ನು ನಾನಿಲ್ಲಿ ಬರೆಯಲಾರೆ, ಹಿರಿಯರೂ ಓದುತ್ತಾರೆ. ನನ್ನ ಕೈಯ ತಟ್ಟೆ ಅಲುಗಾಡಿತು, ನಗು ತಡೆಯಲಾಗಲಿಲ್ಲ. ಎರ್ಮಿನಿಯಾ ಗುಂಡಿ ಒತ್ತುತ್ತಲೇ ಹೋದಳು.

ಆ ಚಿತ್ರದಲ್ಲಿ ಹುಡುಗಿ ನಗುತ್ತಿಲ್ಲ. ಸಿಟ್ಟೂ ಇಲ್ಲ. ನೋಡುವವರೇ ಏನೋ ತಪ್ಪು ಮಾಡಿ ಅವಳ ಮುಂದೆ ಬಂದು ನಿಂತಂತೆ ಕಾಣುತ್ತದೆ. ನನ್ನ ಶಾಲು ಇಷ್ಟು ಚೆನ್ನಾಗಿ ಎಲ್ಲೂ ಕಂಡದ್ದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ.

ಸಂಘದ ಸಭೆ ಸೇರಿತು. ಕ್ಯಾಲೆಂಡರಿನ ಚಿತ್ರಕ್ಕೆ ಸಭೆಯ ಒಪ್ಪಿಗೆ ಬೇಕು, ಅದು ನಿಯಮ. ದೊನ್ ವಾಲ್ತೆರ್ ಅಲ್ಲೇ ಮೊದಲ ಸಲ ಅದನ್ನು ಬಿಡಿಸಿ ನೋಡಿದ್ದು. ಅವರ ಮುಖದಲ್ಲೂ ಟಪ್ ಅಂದಿತು.

"ಕೊಮಾದ್ರೆ, ಕೂದಲೆಲ್ಲಿ?"

"ಅಲ್ಲೇ ಇದೆಯಲ್ಲ. ಇರೋಷ್ಟು ಇದೆ."

ಕೋಣೆಯಲ್ಲಿ ಗದ್ದಲ ಎದ್ದಿತು. "ಜಡೆ ಇಲ್ಲದೆ ಪೊಲ್ಯೆರಾನಾ?" "ವೇಷದವಳನ್ನ ನಮ್ಮ ಗೋಡೆಗೆ ಹಾಕ್ಕೋಬೇಕಾ?" "ನಮ್ಮಜ್ಜಿಯರು ಈ ಜಡೆಗೋಸ್ಕರ ಎಷ್ಟು ಹೊಡೆತ ತಿಂದ್ರು!" ಎಲ್ಲರಿಗಿಂತ ಜೋರಾಗಿ ಕೂಗಿದ್ದು ಮೊದಲ ಸಾಲಿನವರು. ನಾನು ನನ್ನ ಜಾಗದಿಂದ ತಲೆಗಳನ್ನು ನೋಡಿದೆ. ಇದು ನನ್ನ ಖಾನೆಯದು, ಅದು ನನ್ನ ಖಾನೆಯದು, ಆಚೆಯದೂ ಕೂಡ, ಹೋದ ಹಬ್ಬಕ್ಕೆ ಒಯ್ದದ್ದು. ಎರ್ಮಿನಿಯಾಗೂ ಗೊತ್ತು. ಅವಳು ಈ ತಲೆಗಳನ್ನೆಲ್ಲ ಬಿಚ್ಚಿ ಹೆಣೆದವಳು. ಒಂದು ಮಾತು ಆಡಿದ್ದರೆ ಸಭೆ ಅಲ್ಲಿಗೆ ಮುಗಿಯುತ್ತಿತ್ತು, ಕ್ಯಾಲೆಂಡರ್ ಅವಳದಾಗುತ್ತಿತ್ತು. ನಾನು ಅವಳ ತೋಳು ತಿವಿದೆ.

"ಹೇಳೇ. ಬೇಡ, ಹೇಳಬೇಡ, ಬರೀ ಮೊಳೆ ಅಂತ ಅನ್ನು. ಸಾಕು."

ಅವಳು ಎದ್ದು ನಿಂತಳು. ಮೊದಲ ಸಾಲನ್ನು ಒಬ್ಬೊಬ್ಬರಾಗಿ ನೋಡಿದಳು, ಗುಂಡಿ ಒತ್ತುವ ಮೊದಲು ನೋಡುವ ಹಾಗೆ. ಗದ್ದಲ ಇಳಿಯಿತು. ಒಂದೆರಡು ಕೈಗಳು ಹೆಗಲ ಕಡೆಗೆ ಹೋದವು.

"ನನ್ನ ಮನೆಗೆ ಬಂದವರ ತಲೆ ವಿಷಯ ನಾನು ಎಲ್ಲೂ ಆಡಿಲ್ಲ. ಇವತ್ತೂ ಆಡಲ್ಲ, ಹೆದರಬೇಡಿ," ಅಂದಳು. "ಈ ಹುಡುಗಿಯ ತಲೆ ಅವಳೇ ತೋರಿಸಿದಾಳೆ. ಬೇಕಾದ್ರೆ ಹಾಕಿ. ಬೇಡ ಅಂದ್ರೆ ಬಿಡಿ."

ದೊನ್ ವಾಲ್ತೆರ್‌ಗೆ ಸ್ವಲ್ಪ ಜೀವ ಬಂತು. "ಸಿಟ್ಟು ಬೇಡ ಕೊಮಾದ್ರೆ. ಚಿತ್ರ ಬಹಳ ಚೆನ್ನಾಗಿದೆ. ಕಂಪ್ಯೂಟರಲ್ಲಿ ಎರಡು ಜಡೆ ಎಳೆದುಬಿಡಿ ಅಷ್ಟೆ. ಈಗ ಮಕ್ಕಳು ಫೋನಲ್ಲೇ ಬೆಕ್ಕಿಗೆ ಮೀಸೆ ಬರೀತಾರೆ."

"ಬರೆಯೋದಾದ್ರೆ ಹುಡುಗಿ ಯಾಕೆ ಬೇಕಿತ್ತು? ಮಂಚದ ಮೇಲೆ ಕೂತು ಪೂರ್ತಿ ನಾನೇ ಬರೀತಿದ್ದೆ. ನನ್ನಮ್ಮನಿಗೆ ಒಂದು ಕಾಲರ್ ಬರೆದಿದಾರೆ ಕೊಂಪಾದ್ರೆ, ಅದನ್ನ ಇನ್ನೂ ಅಳಿಸೋಕೆ ಆಗಿಲ್ಲ ನನಗೆ. ಬರೆಯಲ್ಲ."

"ನಾನು ನಿನ್ನ ದೀಪದ ಪದ್ರಿನೊ. ನಾನು ಕೇಳ್ತಾ ಇದೀನಿ."

"ನೀವು ಕೇಳಿದ್ರಿ. ನಾನು ಇಲ್ಲ ಅಂದೆ."

ಕೊಂಪಾದ್ರೆಗೆ ಹೀಗೆ ಸಭೆಯಲ್ಲಿ ಇಲ್ಲ ಅಂದವರನ್ನು ನಾನು ಕಂಡಿರಲಿಲ್ಲ. ಬೇಡ ಅನ್ನುವವರು ಕೈ ಎತ್ತಿ ಅಂದರು ಕಾರ್ಯದರ್ಶಿ. ಮಾನ ಉಳಿಸಿಕೊಟ್ಟವಳಿಗೆ ಜನ ಕೃತಜ್ಞರಾಗಿರುತ್ತಾರೆ ಅಂತ ನೀವು ಅಂದುಕೊಂಡರೆ ನೀವು ಅಂಗಡಿ ನಡೆಸಿದವರಲ್ಲ. ಮೊದಲು ಮೇಲೆದ್ದದ್ದು ಮೊದಲ ಸಾಲಿನ ಕೈಗಳೇ, ಚೌರಿ ಉದ್ದವಿದ್ದಷ್ಟೂ ಕೈ ಎತ್ತರ. ಎರ್ಮಿನಿಯಾ ಚಿತ್ರ ಸುತ್ತಿ ಕಂಕುಳಲ್ಲಿಟ್ಟುಕೊಂಡಳು. ಬಾಗಿಲ ಹತ್ತಿರ ನಿಂತಿದ್ದ ದೇಯ್ಸಿಗೆ, "ಬಾ, ಹಸಿವಾಗಿದೆ," ಅಂದಳು. ಇಬ್ಬರೂ ಮೂಲೆಯ ಅಂಗಡಿಯಲ್ಲಿ ಕೂತು ಖಾರದ ಹಂದಿ ಸಾರು ತಿಂದರು. ನಾನೂ ಹೋಗಿ ಕೂತೆ, ಹುಡುಗಿ ಬಟ್ಟಲು ಖಾಲಿ ಮಾಡುವವರೆಗೆ.

ಆ ವರ್ಷದ ಕ್ಯಾಲೆಂಡರಿಗೆ ಇಲ್ಯಿಮಾನಿ ಬೆಟ್ಟದ ಚಿತ್ರ ಹಾಕಿದರು. ಬೋಳು ತಲೆ, ಮೇಲೆ ಮಂಜು, ಒಂದು ಜಡೆಯೂ ಇಲ್ಲ. ಯಾರೂ ಆಕ್ಷೇಪ ಎತ್ತಲಿಲ್ಲ.

ಎರ್ಮಿನಿಯಾಳ ಮೆಟ್ಟಿಲು ಖಾಲಿಯಾಯಿತು. ನಮ್ಮ ಬೀದಿಯ ಒಬ್ಬರೂ ಹೋಗಲಿಲ್ಲ. ರುಫೀನೊ ಟಯರಿನ ಮಾತು ದಿನಕ್ಕೆರಡು ಸಲ ಎತ್ತತೊಡಗಿದ. ಅವಳು ಮಿನಿಬಸ್ ಡ್ರೈವರುಗಳ ಫೋಟೊ ತೆಗೆದಳು, ಹಾಲುಗಲ್ಲದ ಕೂಸುಗಳದ್ದು ತೆಗೆದಳು, ಒಬ್ಬ ಕುಸ್ತಿಪಟುವಿನ ನಾಯಿಯದ್ದೂ ತೆಗೆದಳು. ನಾಯಿಯನ್ನೂ ಬೈದಳಂತೆ. ದೊನ್ ವಾಲ್ತೆರ್ ಮಧ್ಯಸ್ಥಿಕೆಗೆ ಒಬ್ಬರನ್ನು ಕಳಿಸಿದರು: ಎರಡು ಗೆರೆ ಎಳೆದುಕೊಟ್ಟರೆ ಮುಂದಿನ ವರ್ಷದ ಕೆಲಸ ಅವಳಿಗೇ. ಬಂದವರಿಗೆ ಎರ್ಮಿನಿಯಾ ಆಪಿ ಕುಡಿಸಿ, ಖಾಲಿ ಕೈಯಲ್ಲಿ ಕಳಿಸಿದಳು.

ದೇಯ್ಸಿ ಗಿಡ್ಡ ಕೂದಲಲ್ಲೇ, ಪೊಲ್ಯೆರಾದಲ್ಲೇ ದಿನಾ ಕೆಲಸಕ್ಕೆ ಹೋದಳು. ಬಸ್ಸಿನಲ್ಲಿ ಅವಳ ಮೇಲೆ ಕಿತ್ತಳೆ ಸಿಪ್ಪೆ ಬಿತ್ತು. ರೇಡಿಯೊಗೆ ಫೋನು ಮಾಡಿ ಬೈದವರಿಗೆ ಅವಳು ಪ್ರಸಾರದಲ್ಲೇ, "ಶುಭೋದಯ, ನಿಮ್ಮ ಆಲೂಗಡ್ಡೆ ದರ ಹೇಳಿ," ಅನ್ನುತ್ತಿದ್ದಳು.

ಚಿತ್ರವನ್ನು ನಾನು ದೊಡ್ಡದು ಮಾಡಿಸಿ ನನ್ನ ಅಂಗಡಿಯ ಬಾಗಿಲಿಗೆ ಹಾಕಿದೆ. ಧರ್ಮಕ್ಕೆ ಅಂತ ಯಾರೂ ತಿಳಿಯಬಾರದು. ಬೈಯಲು ನಿಂತವರು ಶಾಲನ್ನೂ ನೋಡುತ್ತಾರೆ, ಅರ್ಧ ಬೈದು, "ಅದರ ಅಂಚು ಬೇರೆ ಬಣ್ಣದಲ್ಲಿ ಇದೆಯಾ?" ಅಂತ ಕೇಳುತ್ತಾರೆ. ಬೈಗುಳದಷ್ಟು ಅಗ್ಗದ ಬಾಜಾಬಜಂತ್ರಿ ಇನ್ನೊಂದಿಲ್ಲ. ದೊನ್ ವಾಲ್ತೆರ್ ಬಂದರು.

"ದೋನ್ಯಾ ಫೆಲಿಪಾ, ಅದನ್ನ ತೆಗೀಬೇಕಂತೆ. ಸಂಘದ ಮಾತು."

"ತೆಗೀತೀನಿ. ಇನ್ನೂ ಗಂಟುಗಟ್ಟಲೆ ಶಾಲು ಉಳಿದಿದೆ, ಸಂಘ ಕೊಂಡುಕೊಳ್ಳತ್ತಾ?"

"ಹಬ್ಬದ ಕುಣಿತದಲ್ಲಿ ನಿಮ್ಮನ್ನ ಹಿಂದಿನ ಸಾಲಿಗೆ ಹಾಕ್ತಾರೆ."

"ಹಾಕಲಿ. ಅಲ್ಲಿಂದ ಎಲ್ಲರ ಜಡೇನೂ ಚೆನ್ನಾಗಿ ಕಾಣತ್ತೆ."

ಅವರು ಒಂದು ಶಾಲು ಕೊಂಡು ಹೋದರು. ಹೆಂಡತಿಗಂತೆ.

ಒಂದು ಮಧ್ಯಾಹ್ನ ನಾನು ಹೊಸ ಸರಕು ಹೊತ್ತು ಎರ್ಮಿನಿಯಾಳ ಮನೆಗೆ ಹೋಗಿದ್ದೆ. ದೇಯ್ಸಿಯ ಜೊತೆ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ಕೈಗಳು ಒಡೆದು ಬಿಳಿಚಿದ್ದವು, ಹಿಮದಲ್ಲಿ ಒಣಗಿಸಿದ ಆಲೂಗಡ್ಡೆ ಚುನ್ಯೊ ಮಾರುವವರ ಕೈ ಹಾಗಿರುತ್ತದೆ. ಜಡೆ ಸೊಂಟ ದಾಟಿತ್ತು, ಪೂರ್ತಿ ಅವಳದೇ. ಕಾಸ್ತಾ, ದೇಯ್ಸಿಯ ತಾಯಿ. ಎರ್ಮಿನಿಯಾಳನ್ನು ಮೇಲಿಂದ ಕೆಳಗೆ ನೋಡಿದಳು.

"ಆ ಫೋಟೊ ತೆಗೆದವಳು ನೀನೇನಾ?"

"ನಾನೇ."

"ನನ್ನ ಮಗಳನ್ನ ಬೀದೀಲಿ ಬೈತಾ ಇದಾರೆ."

"ಗೊತ್ತು."

"ಏನು ಗೊತ್ತು? ಬೈಯೋದು ಅವಳನ್ನ. ಕತ್ತರಿ ಹಿಡಿದವಳು ನಾನು. ನನ್ನ ಅಂಗಡಿಗೆ ಬಂದು, ನನ್ನ ಎದುರಿಗೇ ಚುನ್ಯೊ ಆರಿಸ್ತಾ, ಆ ಬೋಳಿ ಅಂತ ನನ್ನ ಮಗಳನ್ನ ಆಡ್ಕೋತಾರೆ. ಯಾರ ಮಗಳು ಅಂತ ಅವರಿಗೆ ಗೊತ್ತೇ ಇಲ್ಲ." ಪೀಠ ಎಳೆದು ಕೂತಳು. "ಇಬ್ಬರನ್ನೂ ಒಟ್ಟಿಗೆ ತೆಗಿ. ನನ್ನ ಕೈ ಅವಳ ತಲೆ ಮೇಲಿರಬೇಕು. ದೊಡ್ಡದು ಮಾಡಿಕೊಡು."

"ಅಮ್ಮಾ, ಬೇಡ," ಅಂದಳು ದೇಯ್ಸಿ.

"ನೀನು ಸುಮ್ನಿರು. ಆವತ್ತು ನಿನ್ನ ಕೇಳದೆ ಕತ್ತರಿಸಿದೆ, ಇವತ್ತು ನಿನ್ನ ಕೇಳದೆ ಕೂತಿದೀನಿ."

ಎರ್ಮಿನಿಯಾ ಅವಳ ಜಡೆ ಬಿಚ್ಚಿ ಬಾಚಿದಳು. ಬಹಳ ಹೊತ್ತು ಹಿಡಿಯಿತು. ಬೈಗುಳ ಒಂದೂ ಬರಲಿಲ್ಲ.

"ಎಲ್ಲಿ ಹಾಕ್ತೀಯ ಇದನ್ನ?"

"ಅಂಗಡಿ ಮುಂದೆ. ಚೀಲದ ಮೇಲೆ."

"ಅಲ್ಲಿ ಮಳೆ ಬೀಳತ್ತೆ. ಹಾಳಾಗತ್ತೆ."

"ಹಾಳಾದ್ರೆ ಇನ್ನೊಂದು ತೆಗೆಸ್ತೀನಿ. ನಾವಿಬ್ಬರೂ ಎಲ್ಲಿಗೂ ಹೋಗ್ತಾ ಇಲ್ಲ," ಅಂದಳು ಕಾಸ್ತಾ. ಕೈ ಎತ್ತಿ ಮಗಳ ಗಿಡ್ಡ ಕೂದಲ ಮೇಲೆ ಭದ್ರವಾಗಿ ಇಟ್ಟಳು.

ಆ ಕೈಗೆ ಬೆಳಕು ಬೀಳುವಂತೆ ಎರ್ಮಿನಿಯಾ ಕಿಟಕಿಯ ಬಟ್ಟೆಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದಳು.